ಹಂಪಕ್ಕನ ಎತ್ತರ ಇಳಿದದ್ದು ನಿಜ

ಸಂಶೋಧಕರ ತರಬೇತಿ ವಿಭಾಗದ ಮಾನ್ಯ ನಿರ್ದೇಶಕರೇ,

ಕಳೆದ ಮೇ ತಿಂಗಳಲ್ಲಿ ತಾವು ಕೊಟ್ಟೂರಿನಲ್ಲಿ ನಡೆಸಿದ ತರಬೇತಿಯಲ್ಲಿ, ಮಾದರಿ ಎಂದು ಗೋಡೆಗೆ ಅಂಟಿಸಿದ್ದ ಬೆಳವಣಿಗೆಯ ಗೆರೆ ಸುಳ್ಳು. ಗ್ರಾಮ ಸಂಖ್ಯೆ ಹನ್ನೊಂದು, ಮಗು ಸಂಖ್ಯೆ ಮೂವತ್ತೆಂಟು. ಆ ಗೆರೆಯ ಕೊನೆಯ ಐದು ಚುಕ್ಕಿಗಳಲ್ಲಿ ಎರಡನ್ನು ನಿಮ್ಮ ಕಚೇರಿ ಇಟ್ಟಿತು, ಮೂರನ್ನು ನಾನು ಇಟ್ಟೆ. ಐದರಲ್ಲಿ ಒಂದೂ ಆ ಮಗುವಿನ ಎತ್ತರವಲ್ಲ. ಇದನ್ನು ತರಬೇತಿಯ ಕೋಣೆಯಲ್ಲೇ ಎದ್ದು ನಿಂತು ಹೇಳಿದೆ. ಆದರೂ ಗೆರೆ ಗೋಡೆಯ ಮೇಲೆಯೇ ಇದೆ, ಬರುವ ತಿಂಗಳ ಎರಡನೆಯ ತಂಡಕ್ಕೂ ಅದೇ ಮಾದರಿ ಎಂದು ಕೇಳಿದೆ. ಕೋಣೆಯಲ್ಲಿ ಹೇಳಿದ್ದು ಕೇಳಿಸದಿದ್ದರೆ ಪತ್ರಿಕೆಯಲ್ಲಿ ಹೇಳಿದ್ದು ಕೇಳಿಸೀತೇ ಎಂದು ನೋಡಲು ಈ ಪತ್ರ.

ನನ್ನ ಹೆಸರು ಗುಲಾಮಹುಸೇನ. ಕೂಡ್ಲಿಗಿಯವನು. ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ನಾನು ಪಿಯುಸಿ ಮುಗಿಸಿ ಕೂತಿದ್ದಾಗ, ೧೯೭೩ರಲ್ಲಿ, ನಿಮ್ಮ ಸಂಸ್ಥೆ ನನ್ನನ್ನು ಕ್ಷೇತ್ರ ಅನ್ವೇಷಕನಾಗಿ ತೆಗೆದುಕೊಂಡಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿನ ಹದಿನಾಲ್ಕು ಹಳ್ಳಿಗಳ ಮಕ್ಕಳನ್ನು ಆರು ತಿಂಗಳಿಗೊಮ್ಮೆ, ಅದೇ ಮಕ್ಕಳನ್ನು, ವರ್ಷಗಟ್ಟಲೆ ಅಳೆಯುವುದು ಕೆಲಸ. ಎತ್ತರ ಅಳೆಯುವ ಮರದ ಕೋಲನ್ನು ಹೆಗಲ ಮೇಲೆ ಹೊತ್ತು ಬಸ್ಸು ಹತ್ತುತ್ತಿದ್ದೆ. ಜನ ನನ್ನನ್ನು ಅಳತಿ ಸಾಬ್ರು ಎನ್ನುತ್ತಿದ್ದರು.

ನಮಗೂ ತರಬೇತಿ ಆಗಿತ್ತು. ಹತ್ತು ದಿನ, ಕೂಡ್ಲಿಗಿಯಲ್ಲಿ. ಹಿಮ್ಮಡಿ ಕೋಲಿಗೆ ತಾಗಿರಬೇಕು, ಗದ್ದ ಮೇಲಕ್ಕೆತ್ತಬಾರದು, ಮಿಲಿಮೀಟರಿನವರೆಗೆ ಓದಬೇಕು. ಇನ್ನೊಂದು ಕಟ್ಟುನಿಟ್ಟಿನ ನಿಯಮವಿತ್ತು: ಹಿಂದಿನ ಸಲದ ಕಾರ್ಡನ್ನು ಅನ್ವೇಷಕ ನೋಡಕೂಡದು. ಹಿಂದಿನ ಅಂಕಿ ಗೊತ್ತಿದ್ದರೆ ಕಣ್ಣು ಅದರ ಕಡೆಗೇ ವಾಲುತ್ತದೆ ಎಂದರು. ನಿಯಮ ಸರಿಯಾದದ್ದೇ, ಇವತ್ತಿಗೂ ಒಪ್ಪುತ್ತೇನೆ. ಆದರೆ ಹತ್ತನೆಯ ದಿನ ನಾನೊಂದು ಪ್ರಶ್ನೆ ಕೇಳಿದ್ದೆ. "ಹಂಗಾದ್ರ ಹಿಂದಿಂದು ಮುಂದಿಂದು ಕೂಡಿಸಿ ನೋಡೋರು ಯಾರ್ರಿ ಸಾರ್?" ಅದಕ್ಕೆ ಮೇಲಿನವರಿದ್ದಾರೆ ಎಂಬ ಉತ್ತರ ಬಂತು. ಎಂಟು ವರ್ಷ ಕಾರ್ಡುಗಳು ಮೇಲಕ್ಕೆ ಹೋದವು. ಮೇಲಿನವರು ಅವನ್ನು ಕೂಡಿಸಿ ನೋಡಿದರೇ? ನೋಡಿದ್ದರೆ ಏನು ಕಂಡಿತು? ಕಂಡಿದ್ದರೆ ಯಾರಿಗೆ ಹೇಳಿದರು?

ಗ್ರಾಮ ಸಂಖ್ಯೆ ಹನ್ನೊಂದಕ್ಕೆ ಹೆಸರಿದೆ. ಇಲ್ಲಿ ಬರೆಯುವುದಿಲ್ಲ, ಅಲ್ಲಿ ಮದುವೆಯಾಗಬೇಕಾದ ಹೆಣ್ಣುಮಕ್ಕಳಿದ್ದಾರೆ. ಕೂಡ್ಲಿಗಿಯಿಂದ ಮುಕ್ಕಾಲು ಗಂಟೆಯ ದಾರಿ. ಊರೊಳಗೊಂದು ಹಳೆಯ ಕಲ್ಲು ಬಾವಿ. ಊರ ಹೊರಗೆ ಕೇರಿ. ಕೇರಿಯವರು ಬಾವಿಯಿಂದ ನೀರು ಸೇದುವಂತಿರಲಿಲ್ಲ. ಕಟ್ಟೆಯಿಂದ ದೂರ ಕೊಡ ಇಟ್ಟು ಕೂತು, ಊರಿನವರು ಯಾರಾದರೂ ಬಂದು ಹಾಕಿದಾಗ ತಂದುಕೊಳ್ಳಬೇಕಿತ್ತು. ೧೯೭೧ರಲ್ಲಿ ಕೇರಿಯ ಮಧ್ಯೆ ಬೋರು ಕೊರೆದು ಕೈಪಂಪು ಹಾಕಿದರು. ನಾನು ಮೊದಲ ಸಲ ಹೋದಾಗ ಅದರ ಸುದ್ದಿ ಹೇಳಿದವಳು ಅಂಜಿನಕ್ಕ. ಅವಳ ಗಂಡ ಗಾದೆಪ್ಪ ರಸ್ತೆಯ ಕೆಲಸಕ್ಕೆ ಜಲ್ಲಿ ಒಡೆಯುತ್ತಿದ್ದ.

"ನಾನು ತುಂಬಿದ ಬಸುರಿ ಆವಾಗ," ಎಂದಿದ್ದಳು. "ಬ್ಯಾಡ ಬ್ಯಾಡ ಅಂದ್ರೂ ಕೇಳ್ಲಿಲ್ಲ, ಮೊದಲ್ನೇ ಕೊಡ ನಾನಾ ಹೊಡದೆ. ನಮ್ಮ ಕೈಲೆ ನಾವ ನೀರು ಹೊಡ್ಕೊಂಡ್ವಿ ನೋಡ್ರಿ ಸಾಬ್ರೇ. ಅದಾದ ಎಂಟು ದಿನಕ್ಕ ಈಕಿ ಹುಟ್ಟಿದ್ಲು."

ಈಕೆ ಎಂದರೆ ಹಂಪಕ್ಕ. ನಿಮ್ಮ ಮೂವತ್ತೆಂಟು. ಅವಳ ಬಾಯಿಗೆ ಬಿದ್ದ ಮೊದಲ ನೀರು ಆ ಪಂಪಿನದು.

ಆರು ವರ್ಷ ಅವಳು ಬೆಳೆದಳು, ನಾನು ಅಳೆದೆ. ಕೋಲಿಗೆ ಬೆನ್ನು ಕೊಟ್ಟು ನಿಲ್ಲುವುದೆಂದರೆ ಅವಳಿಗೆ ಬಹಳ ಇಷ್ಟ. ನನ್ನನ್ನು ಕಂಡರೆ ಓಡಿ ಬಂದು ಸಾಲಿನ ಮುಂದೆ ನಿಲ್ಲುತ್ತಿದ್ದಳು. ೧೯೭೯ರ ಮಾರ್ಚಿನಲ್ಲಿ ನೂರಾ ಹತ್ತು ಸೆಂಟಿಮೀಟರು, ಎರಡು ಮಿಲಿಮೀಟರು. ಸೆಪ್ಟೆಂಬರಿನಲ್ಲಿ ನೂರಾ ಒಂಬತ್ತು, ಆರು. ನಿಯಮದಂತೆ ನಾನು ಹಿಂದಿನ ಕಾರ್ಡು ನೋಡಿರಲಿಲ್ಲ. ನೋಡಿದವರು ನೀವು. ಮೇಲಿನಿಂದ ಬಂದ ಮೆಮೋ ನನ್ನ ಹತ್ತಿರ ಈಗಲೂ ಇದೆ: "ಮಗುವಿನ ಎತ್ತರ ಕಡಿಮೆಯಾಗುವುದು ಅಸಾಧ್ಯ. ಇದು ಅಜಾಗರೂಕ ಅಳತೆ. ವಿವರಣೆ ನೀಡತಕ್ಕದ್ದು."

ನಾನು ಮತ್ತೆ ಹೋಗಿ ಮೂರು ಸಲ ಅಳೆದೆ. ಮೂರೂ ಸಲ ಅದೇ ಬಂತು. ಅವಳ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು, ಹಿಮ್ಮಡಿಗಳ ನಡುವೆ ಗೇಣು ಅಂತರ. ಅದನ್ನೇ ವಿವರಣೆಯಾಗಿ ಬರೆದೆ. "ಕಾಲಿನ ಆಕಾರವು ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಒಳಪಡುವುದಿಲ್ಲ" ಎಂದು ಉತ್ತರ ಬಂತು. ಕಾಲು ವ್ಯಾಪ್ತಿಯ ಹೊರಗೆ, ಎತ್ತರ ವ್ಯಾಪ್ತಿಯ ಒಳಗೆ! ಕಾಲನ್ನು ಬಿಟ್ಟು ಎತ್ತರ ಅಳೆಯುವ ವಿಧಾನವೊಂದು ತಮ್ಮ ಗ್ರಂಥಗಳಲ್ಲಿ ಇದ್ದರೂ ಇರಬಹುದು, ನಮ್ಮ ಹತ್ತು ದಿನದಲ್ಲಿ ಕಲಿಸಲಿಲ್ಲ. ಮುಂದಿನ ಮಾರ್ಚಿನಲ್ಲಿ ಅವಳು ಇನ್ನೂ ಏಳು ಮಿಲಿಮೀಟರು ಇಳಿದಿದ್ದಳು. ಎರಡನೆಯ ಮೆಮೋ ಬಂತು. ಇನ್ನೊಮ್ಮೆ ಇಂಥ ಅಂಕಿ ಕಳಿಸಿದರೆ ಸೇವೆಯಿಂದ ತೆಗೆಯಲಾಗುವುದು. ಆ ಎರಡು ಅಂಕಿಗಳನ್ನು ನಿಮ್ಮ ಕಚೇರಿಯಲ್ಲಿ ಯಾರೋ ಕೆಂಪು ಶಾಯಿಯಿಂದ ಹೊಡೆದು, ಅದೇ ವಯಸ್ಸಿನ ಬೇರೆ ಮಕ್ಕಳ ಲೆಕ್ಕ ಹಿಡಿದು ಹೊಸ ಅಂಕಿ ಬರೆದರು. ಅದಕ್ಕೆ ಪರಿಷ್ಕರಣೆ ಎಂದು ಹೆಸರು.

ಮೂರನೆಯ ಮೆಮೋ ಬರಲಿಲ್ಲ. ಬರದ ಹಾಗೆ ನಾನೇ ನೋಡಿಕೊಂಡೆ. ೧೯೮೦ರ ಸೆಪ್ಟೆಂಬರಿನಲ್ಲಿ ಹಂಪಕ್ಕನ ಎತ್ತರ ನೂರಾ ಎಂಟು, ಒಂದು. ನಾನು ಬರೆದದ್ದು ನೂರಾ ಹನ್ನೆರಡು, ನಾಲ್ಕು. ನನ್ನ ಹೆಂಡತಿ ಮಕ್ತುಂಬಿ ಆಗ ಏಳು ತಿಂಗಳ ಗರ್ಭಿಣಿ. ನೆಪ ಹೇಳುತ್ತಿಲ್ಲ, ಆ ವರ್ಷ ಮನೆಯಲ್ಲಿದ್ದ ಸಂಗತಿ ಹೇಳುತ್ತಿದ್ದೇನೆ. ಕೋಲಿಗೆ ಒರಗಿ ನಿಂತಿದ್ದ ಹುಡುಗಿ ನನ್ನ ಕೈ ಬರೆಯುವುದನ್ನು ನೋಡುತ್ತಿದ್ದಳು.

"ಸಾಬ್ರೇ, ಉದ್ದ ಆಗೀನೇನ್ರಿ?"

"ಆಗೀ."

"ಎಷ್ಟು?"

ನಾನು ಎರಡು ಬೆರಳು ಎತ್ತಿ ತೋರಿಸಿದೆ. ಅವಳು ಗೋಡೆ ಹಿಡಿದುಕೊಂಡು ಒಂದೊಂದೇ ಮನೆ ದಾಟುತ್ತ, "ನಾ ಎರಡ ಬಟ್ಟು ಉದ್ದ ಆಗೀನಿ, ಎರಡ ಬಟ್ಟು" ಎಂದು ಕೇರಿಗೆಲ್ಲ ಹೇಳಿಕೊಂಡು ಹೋದಳು. ನಾನು ಮುಂದಿನ ಮಗುವನ್ನು ಕೋಲಿಗೆ ನಿಲ್ಲಿಸಿದೆ. ಆಮೇಲೆ ಇನ್ನೆರಡು ಸಲ ಹಾಗೆಯೇ ಬರೆದೆ. ಎರಡನೆಯ ಸಲ ಕೈ ತಡೆಯಿತು. ಮೂರನೆಯ ಸಲ ತಡೆಯಲೂ ಇಲ್ಲ. ಆ ವರ್ಷ ನಿಮ್ಮ ಕಚೇರಿಯಿಂದ ನನ್ನ ಅಳತೆಗಳ ಗುಣಮಟ್ಟ ಸುಧಾರಿಸಿದೆ ಎಂಬ ಪ್ರಶಂಸೆಯ ಪತ್ರ ಬಂತು.

೧೯೮೧ರ ಕೊನೆಗೆ ಹಳ್ಳಿಯ ಕೆಲಸ ಮುಗಿಯಿತೆಂದು ನಮ್ಮನ್ನೆಲ್ಲ ಬಿಟ್ಟಿರಿ. ನಾನು ಹೆಂಡತಿಯ ಅಣ್ಣ ಜಮಾಲ್ ಸಾಬರ ಜೊತೆ ಸೇರಿಕೊಂಡೆ. ಅವರು ಕೈಪಂಪು ರಿಪೇರಿ ಮಾಡುವವರು. ಒಂದು ದಿನ ಅದೇ ಕೇರಿಯ ಪಂಪಿನ ಪೈಪು ಎತ್ತುತ್ತಿದ್ದೆವು. ಸುತ್ತ ಮಕ್ಕಳು ನಿಂತು ನಗುತ್ತಿದ್ದವು. ಜಮಾಲ್ ಸಾಬರು ನಟ್ಟು ತಿರುಗಿಸುವ ಪಾನ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಗುಲಾಮ, ಈ ಹುಡುಗ್ರ ಹಲ್ಲು ನೋಡೀಯೇನಲೇ? ಪೈಪಿಗೆ ತುಕ್ಕು ಹಿಡದಂಗ ಅದಾವ."

"ಎಲಿ ಅಡಿಕಿ ತಿಂತಾವೇನೋ," ಎಂದೆ.

"ಐದು ವರ್ಷದ ಕೂಸು ಎಲಿ ಅಡಿಕಿ ತಿಂತೈತಾ? ಮೊನ್ನಿ ಚಿಗಟೇರಿಗೆ ಹೋಗಿದ್ದೆ. ಅಲ್ಲಿ ಹುಡುಗ್ರ ಹಲ್ಲು ಬೆಳ್ಳಗ ಅದಾವ. ಇದು ತಿನ್ನೋದ್ರಾಗ ಇಲ್ಲ. ಕುಡಿಯೋದ್ರಾಗ ಐತಿ."

ಎಂಟು ವರ್ಷ ನಾನು ಅವೇ ಮಕ್ಕಳ ತಲೆಯ ಮೇಲೆ ಪಟ್ಟಿ ಇಟ್ಟಿದ್ದೆ. ಬಾಯಿ ನೋಡಿರಲಿಲ್ಲ. ಬಾಯಿಗೆ ಕಾರ್ಡಿನಲ್ಲಿ ಅಂಕಣ ಇರಲಿಲ್ಲ.

ಜಮಾಲ್ ಸಾಬರದೊಂದು ಎಣ್ಣೆ ಹತ್ತಿದ ನೋಟುಬುಕ್ಕು. ಯಾವ ಪಂಪು ಯಾವ ವರ್ಷ ಹಾಕಿದ್ದು, ಎಷ್ಟು ಆಳ, ಯಾವಾಗ ಕೆಟ್ಟಿತು, ಎಲ್ಲ ಅದರಲ್ಲಿದೆ. ನನ್ನ ಹತ್ತಿರ ಖಾಸಗಿ ಡೈರಿ ಇತ್ತು. ಕಾರ್ಡಿಗೆ ಸುಳ್ಳು ಬರೆದ ದಿನವೂ ಡೈರಿಗೆ ನಿಜ ಬರೆಯುತ್ತಿದ್ದೆ. ಯಾಕೆ ಎಂದು ಕೇಳಿದರೆ ಗೊತ್ತಿಲ್ಲ. ಕೂಡ್ಲಿಗಿಯ ಬಸ್ ನಿಲ್ದಾಣದ ಎದುರು ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಎರಡನ್ನೂ ಬಿಚ್ಚಿಟ್ಟು, ಮಗುವಿನ ಹುಟ್ಟಿದ ವರ್ಷ, ಮನೆ, ಆ ಮನೆಯವರು ಕುಡಿಯುವ ನೀರು, ಇಷ್ಟನ್ನು ಒಂದೇ ಸಾಲಿಗೆ ತಂದೆವು. ಊಟದ ಹೊತ್ತಿನೊಳಗೆ ಮುಗಿಯಿತು. ಪಂಪು ಬಂದ ಮೇಲೆ ಕೇರಿಯಲ್ಲಿ ಹುಟ್ಟಿದ ಇಪ್ಪತ್ತಾರು ಮಕ್ಕಳಲ್ಲಿ ಒಂಬತ್ತು ಮಕ್ಕಳ ಕಾಲು ಬಾಗಿವೆ. ಅವೇ ಮನೆಗಳಲ್ಲಿ ಪಂಪಿಗಿಂತ ಬಹಳ ಮೊದಲು ಹುಟ್ಟಿದ ಅಣ್ಣ ಅಕ್ಕಂದಿರು ನೆಟ್ಟಗಿದ್ದಾರೆ. ಬಾವಿಯ ನೀರು ಕುಡಿಯುವ ಊರಿನ ಮೂವತ್ತನಾಲ್ಕು ಮಕ್ಕಳಲ್ಲಿ ಒಂದಕ್ಕೂ ಇಲ್ಲ. ಜೋಡಣೆಗೊಂಡ ಮಾಹಿತಿಯ ವಿಶ್ಲೇಷಣೆ ಎಂದು ತಾವು ಆರು ವಾರ ಕಲಿಸುವುದು ಇದನ್ನೇ ಅಲ್ಲವೇ ಸ್ವಾಮೀ? ತಪ್ಪಿದ್ದರೆ ತಿದ್ದಿರಿ.

ಆ ಪಟ್ಟಿಯನ್ನು ಮೂರು ಸಲ ತಮ್ಮ ಕಚೇರಿಗೆ ಕಳಿಸಿದೆ. ಮೂರನೆಯದಕ್ಕೆ ಉತ್ತರ ಬಂತು: "ಕ್ಷೇತ್ರ ಸಿಬ್ಬಂದಿಗೆ ವಿಶ್ಲೇಷಣೆಯ ತರಬೇತಿ ಇರುವುದಿಲ್ಲ. ತಮ್ಮ ಅಭಿಪ್ರಾಯವನ್ನು ಕಡತಕ್ಕೆ ಸೇರಿಸಲಾಗಿದೆ."

ಕಡತಕ್ಕೆ ಹೇಳಿಯಾಯಿತು. ಅಂಜಿನಕ್ಕನಿಗೆ ಹೇಳುವುದು ಉಳಿದಿತ್ತು. ಹೋಗಿ ಹೇಳಿದೆ. ಅವಳ ಸೊಂಟದ ಮೇಲೆ ಎರಡು ವರ್ಷದ ಕೊನೆಯ ಮಗಳು ಎರ್ರೆಮ್ಮ ಇದ್ದಳು. ಅಂಜಿನಕ್ಕ ಪಂಪಿನ ಕಡೆ ತಿರುಗಿದಳು.

"ಅಂದ್ರ ಈ ನೀರು ಬಿಡಬೇಕಂತೀರಿ."

"ಕುಡಿಯಾಕ ಮಾತ್ರ ಬಿಡ್ರಿ."

"ಕುಡಿಯಾಕ ಎಲ್ಲಿಂದ ತರ್ಲಿ? ಹತ್ತು ವರ್ಷ ದಾಟಿತು ಸಾಬ್ರೇ, ಆ ಬಾವಿ ಕಟ್ಟಿ ಕಡಿ ಹೋಗಿ. ಮತ್ತ ಕೊಡ ಇಟ್ಕೊಂಡು ಕುಂದ್ರಲೇನು, ಯಾರರ ಬಂದು ಹಾಕ್ಲಿ ಅಂತ?"

ಜಮಾಲ್ ಸಾಬರಿಗೆ ಪಂಪಿನ ಹಿಡಿಕೆ ಬಿಚ್ಚಿಬಿಡೋಣ ಎಂದೆ. "ಬಿಚ್ಚಿದ್ರ ಎಲ್ಲಿಗೆ ಹೋಗ್ತಾರ? ಬಾವಿ ನೀನು ಕೊಡ್ತೀಯಾ?" ಎಂದು ಅವರು ಪೈಪು ಇಳಿಸಿ ನಟ್ಟು ಬಿಗಿದರು.

ಮೂರನೆಯ ದಿನ ಅಂಜಿನಕ್ಕ ಕೊಡ ತೆಗೆದುಕೊಂಡು ಬಾವಿಗೆ ಹೋದಳು. ನಾನೂ ಹಿಂದೆ ಹೋದೆ. ಕಟ್ಟೆಯ ಮೇಲೆ ಊರಿನ ದೊಡ್ಡಬೀರಪ್ಪ ಕೂತಿದ್ದ. ಕೆಟ್ಟ ಮನುಷ್ಯನಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟೇ ಕೇಳಿದ: "ನಿಮಗ ಸರಕಾರ ಪಂಪು ಹಾಕೈತಲ್ಲಬೇ, ಇಲ್ಲ್ಯಾಕ ಬಂದಿ?" ಆಕೆ ಕೊಡವನ್ನು ಕಟ್ಟೆಯಿಂದ ದೂರ ಇಟ್ಟು ಕೂತಳು. ಅವನು ಎದ್ದು ಒಂದು ಕೊಡ ಹಾಕಿದ. "ದಿನಾ ಬರಬ್ಯಾಡ, ಮಂದಿ ಏನರ ಅಂತಾರ" ಎಂದ. ನಾನು ಒಂದು ಮಾತೂ ಆಡಲಿಲ್ಲ. ಆಡಬಹುದಿತ್ತು.

ಮರುದಿನ ಬೆಳಗಿನ ಬಸ್ಸಿಗೆ ಅವಳು ಎರ್ರೆಮ್ಮನನ್ನು ಎತ್ತಿಕೊಂಡು ಹಂಪಸಾಗರಕ್ಕೆ ಹೋದಳು. ಅಲ್ಲಿ ಅವಳ ತಾಯಿ ಬೊಮ್ಮಮ್ಮನ ಮನೆ, ಹತ್ತಿರದಲ್ಲೇ ಹೊಳೆ. ಕೂಸನ್ನು ಅಜ್ಜಿಗೆ ಒಪ್ಪಿಸಿ ಅದೇ ಸಂಜೆ ಒಬ್ಬಳೇ ಬಂದಳು. "ಒಂದರ ನೆಟ್ಟಗ ನಡೀಲಿ" ಎಂದಳು. ಈಗ ಎರ್ರೆಮ್ಮನಿಗೆ ನಾಲ್ಕು ವರ್ಷ. ಹಂಪಸಾಗರದ ಕಡೆ ಕೆಲಸವಿದ್ದಾಗ ಹೋಗಿ ನನ್ನದೇ ಟೇಪಿನಿಂದ ಅಳೆದು ಬರುತ್ತೇನೆ. ಕಾಲು ನೆಟ್ಟಗಿವೆ, ಓಡುತ್ತಾಳೆ. ತಾಯಿ ಬಂದರೆ ಅಜ್ಜಿಯ ಸೆರಗಿನ ಹಿಂದೆ ನಿಂತು, ಎಲ್ಲರೂ ಕರೆಯುವ ಹಾಗೆ ಅಂಜಿನಕ್ಕ ಎಂದು ಕರೆಯುತ್ತಾಳೆ. ಅವ್ವ ಎನ್ನುವುದು ಬೊಮ್ಮಮ್ಮನಿಗೆ.

ಇಷ್ಟೆಲ್ಲ ಆದ ಮೇಲೆ ಕಳೆದ ಮೇ ತಿಂಗಳಲ್ಲಿ ನನಗೆ ತಮ್ಮ ವಿಭಾಗದಿಂದ ಕರೆ ಬಂತು. ಹಳೆಯ ಕಾರ್ಡುಗಳ ಕೈಬರಹ ಶಿಬಿರಾರ್ಥಿಗಳಿಗೆ ಓದಲಾಗುತ್ತಿಲ್ಲ, ಎರಡು ದಿನ ಬಂದು ಓದಿಕೊಡಬೇಕು. ಹೋದೆ. ಸ್ನಾತಕೋತ್ತರ ಪದವಿಯ ಮೂವತ್ತು ಜನ. ಪಾಠ ಹೇಳುತ್ತಿದ್ದ ಪ್ರಾಧ್ಯಾಪಕರು ಗೋಡೆಯ ಮೇಲಿನ ಗೆರೆಗೆ ಕೋಲು ತಾಗಿಸಿ ಹೇಳಿದರು: "ಈ ಮಗುವನ್ನು ನೋಡಿ. ಬಡ ಕುಟುಂಬ. ಎರಡು ಸಲ ಅಳತೆಗಾರನ ಅಜಾಗರೂಕತೆಯಿಂದ ಅಂಕಿ ಕೆಟ್ಟಿತ್ತು. ನಾವು ಪರಿಷ್ಕರಿಸಿದೆವು. ಮುಂದಿನ ಮೂರು ಅಳತೆಗಳು ನಮ್ಮ ಪರಿಷ್ಕರಣೆ ಸರಿಯೆಂದು ಸಾಬೀತುಪಡಿಸಿದವು."

ನನ್ನ ಸುಳ್ಳು ನಿಮ್ಮ ಸುಳ್ಳಿಗೆ ಸಾಕ್ಷಿಯಾಗಿ ನಿಂತಿತ್ತು.

ನಾನು ಎದ್ದೆ. "ಅವು ಮೂರೂ ಸುಳ್ಳು ಸಾರ್. ಬರೆದವನು ನಾನೇ. ಆ ಹುಡುಗಿಗೆ ಈಗ ನಡೆಯಲು ಆಗುವುದಿಲ್ಲ" ಎಂದೆ. ಪ್ರಾಧ್ಯಾಪಕರು ಸಿಟ್ಟಾಗಲಿಲ್ಲ, ನಕ್ಕರು. ಒಂದು ಮಗುವಿನ ದೋಷ ಸಾವಿರ ಮಕ್ಕಳ ಸರಾಸರಿಯಲ್ಲಿ ಕರಗಿಹೋಗುತ್ತದೆ ಎಂದು ಸಮಾಧಾನ ಹೇಳಿದರು. ಮಾಹಿತಿಯನ್ನು ಅಂತಿಮಗೊಳಿಸಿ ಆಗಿದೆ, ಈಗ ಮುಟ್ಟುವಂತಿಲ್ಲ ಎಂದರು. ಆಮೇಲೆ ಚಹಾ ಬಂತು, ನನಗೂ ಕೊಟ್ಟರು, ಕುಡಿದೆ.

ಚಹಾದ ಹೊತ್ತಿನಲ್ಲಿ ಶಿಬಿರಾರ್ಥಿಯೊಬ್ಬರು, ಹೊರಗಿನ ಜಿಲ್ಲೆಯ ತರುಣಿ, ನನ್ನ ಬಳಿ ಬಂದರು. "ಹಲ್ಲು ಹೇಗಿವೆ?" ಎಂದು ಕೇಳಿದರು. ಹೇಳಿದೆ. "ನೀರಿನಲ್ಲಿ ಫ್ಲೋರೈಡ್ ಇರಬಹುದು. ಪರೀಕ್ಷೆ ಮಾಡಿಸಿದ್ದೀರಾ?" ಎಂದರು. ಆ ಪದವನ್ನು ನಾನು ಕೇಳಿದ್ದು ಅದೇ ಮೊದಲು. ಮರುದಿನ ಅವರು ತರಗತಿ ಬಿಟ್ಟು ನನ್ನ ಜೊತೆ ಬಸ್ಸು ಹತ್ತಿದರು, ಕೇರಿಗೆ ಬಂದರು, ಹಂಪಕ್ಕನ ಎದುರು ನೆಲದ ಮೇಲೆ ಕೂತು ಅವಳ ಮೊಣಕಾಲು ಮುಟ್ಟಿ ನೋಡಿದರು. ಪಂಪಿನ ನೀರು ಒಂದು ಬಾಟಲಿ, ಬಾವಿಯ ನೀರು ಒಂದು ಬಾಟಲಿ ತುಂಬಿಕೊಂಡರು. ಮೂರು ವಾರದ ನಂತರ ಕಾರ್ಡು ಬರೆದರು. ಹತ್ತು ಲಕ್ಷ ಪಾಲಿನಲ್ಲಿ ಒಂದೂವರೆ ಪಾಲು ದಾಟಬಾರದಂತೆ. ಬಾವಿಯಲ್ಲಿ ಒಂದಕ್ಕಿಂತ ಕಡಿಮೆ. ಪಂಪಿನಲ್ಲಿ ಆರು. ಕಾರ್ಡಿನ ಕೊನೆಗೆ, ಒಂದು ದಿನದ ಗೈರುಹಾಜರಿಗಾಗಿ ತಮ್ಮ ಪ್ರಮಾಣಪತ್ರ ತಡೆಹಿಡಿದಿದ್ದಾರೆಂದು ಬರೆದಿದ್ದರು. ಮೂವತ್ತು ಜನರಲ್ಲಿ ಒಬ್ಬರಿಗೆ ಮಾತ್ರ ಪಾಠ ತಲೆಗೆ ಹತ್ತಿತು, ಆ ಒಬ್ಬರನ್ನು ತಾವು ಅನುತ್ತೀರ್ಣ ಮಾಡಿದಿರಿ.

ಈಗ ನಾನು ಕೇಳುವುದು ಇಷ್ಟು. ಆ ಪಂಪಿನ ನೀರನ್ನು ತಾವೇ ಅಧಿಕೃತವಾಗಿ ಪರೀಕ್ಷೆ ಮಾಡಿಸಿ. ನನ್ನ ಮಾತು, ಆ ತರುಣಿಯ ಬಾಟಲಿ, ಎರಡನ್ನೂ ನಂಬಬೇಡಿ. ಕೇರಿಗೆ ಕುಡಿಯಲು ಬೇರೆ ನೀರು ಬರುವಂತೆ, ಯಾರ ಕಟ್ಟೆಯ ಮುಂದೆಯೂ ಕೂರಬೇಕಾಗಿಲ್ಲದಂತೆ, ಸಂಬಂಧಪಟ್ಟವರಿಗೆ ಬರೆಯಿರಿ. ನಿಮ್ಮ ಮಾತಿಗೆ ಇರುವ ತೂಕ ನನ್ನ ಪಟ್ಟಿಗಿಲ್ಲ. ಗೋಡೆಯ ಗೆರೆ ತೆಗೆದು ನನ್ನ ಡೈರಿಯ ಅಂಕಿಗಳಿಂದ ಹೊಸದು ಎಳೆಯಿರಿ, ಡೈರಿ ಕೊಡುತ್ತೇನೆ. ಸುಳ್ಳು ಬರೆದದ್ದಕ್ಕೆ ನನ್ನ ಮೇಲೆ ಏನು ಕ್ರಮ ಬೇಕೋ ತೆಗೆದುಕೊಳ್ಳಿ. ಆ ತರುಣಿಗೆ ಪ್ರಮಾಣಪತ್ರ ಕೊಡಿ. ಮತ್ತು ಎರಡನೆಯ ತಂಡದವರನ್ನು ಮೊದಲ ದಿನವೇ, ಕಾರ್ಡು ತೆರೆಯುವ ಮೊದಲೇ, ಈ ಕೇರಿಗೆ ಕಳಿಸಿ. ವರ್ಷಗಳ ಅಂಕಿ ಕೂಡಿಸಿದಾಗ ಕಂಡದ್ದನ್ನು, ಅಂಕಿ ಕೊಟ್ಟವರ ಮನೆಗೆ ಹೋಗಿ ಹೇಳಬೇಕು ಎಂಬುದನ್ನೂ ಪಾಠದಲ್ಲಿ ಸೇರಿಸಿ. ನಮಗೆ ಅದನ್ನು ಯಾರೂ ಕಲಿಸಲಿಲ್ಲ.

ಕಳೆದ ವಾರ ಹಂಪಕ್ಕನ ಹತ್ತಿರ ಹೋಗಿದ್ದೆ. ಅವಳಿಗೀಗ ಹದಿಮೂರು ತುಂಬುತ್ತಿದೆ. ಹೊಸ್ತಿಲ ಒಳಗೆ ಕೂತು ಶೇಂಗಾ ಒಡೆಯುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಹೇಳಿದ ಎರಡು ಬೆರಳಿನ ಮಾತು ಸುಳ್ಳೆಂದು ಹೇಳಿದೆ.

"ನನಗ ಗೊತ್ತಿತ್ರಿ," ಎಂದಳು. ತಲೆ ಎತ್ತಲಿಲ್ಲ. "ಬಾಗಲ ಚಿಲಕ ಮೊದಲ ಹಣಿಗೆ ಬಡೀತಿತ್ತು. ಆಮ್ಯಾಗ ಬಡೀಲಿಲ್ಲ."

"ಗೊತ್ತಿದ್ದು ಮಂದಿಗೆಲ್ಲ ಯಾಕ ಹೇಳಿದಿ?"

"ನೀವು ಬರಕೊಂಡಿದ್ರಲ್ಲ."

ಸ್ವಲ್ಪ ಹೊತ್ತು ಕಾಯಿ ಒಡೆದಳು. ಆಮೇಲೆ ಅವಳೇ ಹೇಳಿದಳು: "ಇನ್ನೊಮ್ಮಿ ಅಳೀರಿ ಸಾಬ್ರೇ. ನಿಂದ್ರಾಂಗಿಲ್ಲ ನಾನು. ಕುಂತಲ್ಲೇ ಅಳೀರಿ."

ಗೋಡೆಗೆ ಬೆನ್ನು ಕೊಟ್ಟು ಕೂತಳು, ಗದ್ದ ಸರಿಯಾಗಿ ಇಟ್ಟುಕೊಂಡಳು. ನೆಲದಿಂದ ನೆತ್ತಿಗೆ ಅರವತ್ತನಾಲ್ಕು ಸೆಂಟಿಮೀಟರು, ಮೂರು ಮಿಲಿಮೀಟರು. ಎರಡು ಸಲ ಓದಿದೆ. ತನಗೂ ತೋರಿಸಿ ಎಂದಳು, ತೋರಿಸಿದೆ. ಗ್ರಾಮ ಹನ್ನೊಂದು, ಮಗು ಮೂವತ್ತೆಂಟರ ಕಾರ್ಡಿನಲ್ಲಿ ಇದನ್ನು ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.

ಇಂತಿ,
ಕ್ಷಮೆ ಕೇಳಬೇಕಾದವರ ಸಾಲಿನಲ್ಲಿ ಮೊದಲು ನಿಂತಿರುವ
ಗುಲಾಮಹುಸೇನ
ಒಂದು ಕಾಲದ ಕ್ಷೇತ್ರ ಅನ್ವೇಷಕ, ಈಗ ಪಂಪು ರಿಪೇರಿಯವನು
ಕೂಡ್ಲಿಗಿ, ಜುಲೈ ೧೯೮೪